ರಾಯಚೂರಿನ ಇಂಜಿನ್ನಿಗೆ ಮಾನ್ವಿಯ ಸೀಟಿ

ನನ್ನ ನೆಗೆಣ್ಣಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ. ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಹುಟ್ಟಿದ್ದು ದೇವದುರ್ಗದಲ್ಲಿ, ಸಂಸಾರ ಮಾಡಿಕೊಂಡಿರುವುದು ಮಾನ್ವಿಯಲ್ಲಿ. ಅವಳು ಸೊಸೆಯಾಗಿ ಬಂದಾಗಿನಿಂದ ಅವಳ ಕೈಯ ರೊಟ್ಟಿ ಉಬ್ಬುವುದನ್ನು ನೋಡಿ ಉರಿದುಕೊಂಡಿದ್ದೇನೆ, ಈ ವಯಸ್ಸಿನಲ್ಲೂ ಬೆಳ್ಳಗಾಗದ ಅವಳ ಕೂದಲು ನೋಡಿ ಉರಿದುಕೊಂಡಿದ್ದೇನೆ. ಹಾಸಿಗೆ ಹಿಡಿದ ಅತ್ತೆ, ಹಿರಿಸೊಸೆ ನಾನು ಗಂಜಿ ಹಿಡಿದು ಎದುರಿಗೇ ನಿಂತಿದ್ದರೂ, "ಸಣ್ಣಾಕಿ ಬರಲಿ" ಎಂದು ಬಾಯಿ ಮುಚ್ಚಿಕೊಂಡದ್ದನ್ನು ನೆನೆಸಿಕೊಂಡು ಈಗಲೂ ಉರಿದುಕೊಳ್ಳುತ್ತೇನೆ. ಆದರೆ ಅವೆಲ್ಲ ಎಲ್ಲ ಮನೆಗಳಲ್ಲೂ ಇರುವ ಉರಿ. ನಾನು ಈಗ ಹೇಳಹೊರಟಿರುವುದು ಉಗಿ ಇಂಜಿನ್ನಿನ ಸದ್ದಿನ ವಿಷಯ. ಅದರಲ್ಲಿ ಇವಳು ನನಗೆ ಎದುರಾಗಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅವಳ ತವರಿಗೂ ರೈಲಿಲ್ಲ, ಗಂಡನ ಮನೆಗೂ ರೈಲಿಲ್ಲ. ಆ ಕಡೆಯ ಊರುಗಳಿಗೆ ರೈಲು ಬರುತ್ತದೆ, ಬರುತ್ತದೆ ಎಂಬ ಮಾತು ಮಾತ್ರ ಬರುತ್ತಲೇ ಇರುತ್ತದೆ.

ನಾನಾದರೋ ರೈಲಿನ ಮಗ್ಗುಲಲ್ಲೇ ಬೆಳೆದವಳು. ರಾಯಚೂರು ಸ್ಟೇಷನ್ನಿನ ಹಿಂದಿನ ಸಾಲುಮನೆಗಳಲ್ಲಿ ನಮ್ಮದೂ ಒಂದು. ಅಪ್ಪನಿಗೆ ಇಂಜಿನ್ನುಗಳಿಗೆ ನೀರು ತುಂಬಿಸುವ ಕೆಲಸ. ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲಕ್ಕೆ ಮನೆಗೆ ಒಂದು ಟೇಪ್‌ರೆಕಾರ್ಡರ್ ಬಂತು. ಕ್ಯಾಸೆಟ್ ಕೊಳ್ಳುವ ಯೋಗ್ಯತೆ ಇರಲಿಲ್ಲ, ಹಾಗಾಗಿ ರೇಡಿಯೋದಲ್ಲಿ ಹಾಡು ಬಂದಾಗ ಅದರ ಬಾಯಿಗೆ ಟೇಪ್‌ರೆಕಾರ್ಡರ್ ಹಿಡಿದು ತುಂಬಿಸಿಕೊಳ್ಳುತ್ತಿದ್ದೆ. ಒಳ್ಳೆಯ ಹಾಡು ಚರಣಕ್ಕೆ ಬರುವಷ್ಟರಲ್ಲಿ ಕಿಟಕಿಯಾಚೆ ಇಂಜಿನ್ ಬರುತ್ತಿತ್ತು. ಭುಸ್ ಎಂದು ಉಗಿ ಬಿಡುತ್ತಿತ್ತು, ಸೀಟಿ ಹೊಡೆಯುತ್ತಿತ್ತು, ಹಾಡಿನ ಹೆಣ ಬೀಳಿಸಿ ಮುಂದೆ ಹೋಗುತ್ತಿತ್ತು. ಆ ಇಂಜಿನ್ನುಗಳಿಗೆ ನಾನು ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ಮಧ್ಯೆ ಕರೆಂಟು ಹೋದರೆ ರೇಡಿಯೋ ಬಾಯಿ ಮುಚ್ಚುತ್ತಿತ್ತು, ಟೇಪು ಮಾತ್ರ ಸೆಲ್ಲಿನ ಮೇಲೆ ಓಡುತ್ತಲೇ ಇರುತ್ತಿತ್ತು. ಬರೀ ಇಂಜಿನ್ ತುಂಬಿಕೊಳ್ಳುತ್ತಿತ್ತು. ಅಂಥ ಜಾಗಗಳನ್ನು ಅಳಿಸಬೇಕೆಂದುಕೊಂಡೇ ದಿನ ದೂಡಿದೆ. ಅಳಿಸಲಿಲ್ಲ, ಅಷ್ಟೇ.

ಈಗ ನಾನು ರಾಯಚೂರಿನಲ್ಲೇ ಸರಕಾರಿ ಪ್ರೌಢಶಾಲೆಯ ಗಣಿತದ ಟೀಚರು. ನಿವೃತ್ತಿ ಹತ್ತಿರದಲ್ಲಿದೆ. ಹೋದ ವರ್ಷ ಒಂದು ಸಂಜೆ ಫೋನಿನಲ್ಲಿ ಏನೋ ನೋಡುತ್ತಿರುವಾಗ ಒಂದು ವಿಡಿಯೋ ಎದುರಿಗೆ ಬಂತು. ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟ. ಅದಕ್ಕೆ ಸಿಮ್ಯುಲೇಟರ್ ಎನ್ನುತ್ತಾರೆ. ನೋಡಿದರೆ ನಮ್ಮದೇ ರಾಯಚೂರು ಸ್ಟೇಷನ್ನು, ಹಳೆಯ ಕಾಲದ್ದು. ಅಪ್ಪ ಇಂಜಿನ್ನಿಗೆ ನೀರು ತುಂಬಿಸುತ್ತಿದ್ದ ಕಂಬ ಕೂಡ ಇದ್ದ ಜಾಗದಲ್ಲೇ ಇದೆ. ಕರಿ ಇಂಜಿನ್ ಹೊರಟಿತು. ಸದ್ದು ಮಾತ್ರ ನಮ್ಮದಲ್ಲ. ಯಾವುದೋ ಪರದೇಶದ ಇಂಜಿನ್ನಿನ ಸದ್ದು ತಂದು ಅಂಟಿಸಿದ್ದರು. ನನಗೆ ತಡೆಯಲಿಲ್ಲ. "ಇದು ರಾಯಚೂರಿನ ಇಂಜಿನ್ ಅಲ್ಲ, ಯಾರಿಗೆ ಮಂಕುಬೂದಿ ಎರಚುತ್ತೀರಿ" ಎಂದು ಕೆಳಗೆ ಬರೆದೆ. ಆಟ ಕಟ್ಟಿದವನೇ ಉತ್ತರ ಕೊಟ್ಟ: "ನಿಮ್ಮ ಹತ್ರ ಒರಿಜಿನಲ್ ಇದ್ರ ಕಳಸ್ರಿ ಮೇಡಂ." ಅವನು ಮೂಲ ಸಿರವಾರದವನು, ಬಳ್ಳಾರಿಯಲ್ಲಿ ಪಾಲಿಟೆಕ್ನಿಕ್ ಮೇಷ್ಟ್ರು. ಅವನೂ ಅವನಂಥವರೂ ಇದನ್ನು ಕಟ್ಟಿ ಎಲ್ಲರಿಗೂ ಪುಕ್ಕಟೆ ಹಂಚುತ್ತಾರೆ. ಪ್ರತಿಫಲ ಏನೆಂದರೆ, ಸದ್ದು ಕೊಟ್ಟವರ ಹೆಸರು ಪರದೆಯ ಮೇಲೆ ಬರುತ್ತದೆ. ಪಾಠ ಪುಸ್ತಕದ ಮೇಲೆ ಕೂಡ ಹೆಸರು ಕಾಣದ ನನಗೆ ಆಸೆ ಹುಟ್ಟಿತು.

ಅವನು ಫೋನಿನಲ್ಲಿ ಬಿಡಿಸಿ ಹೇಳಿದ. "ಇಂಜಿನ್ ಅಂದ್ರ ಒಂದ ಸದ್ದಲ್ರಿ ಮೇಡಂ. ನಿಂತಾಗ ಒಂದು, ಹೊಂಟಾಗ ಒಂದು, ಉಗಿ ಬಿಡೂದು ಬ್ಯಾರೆ, ಸೀಟಿ ಬ್ಯಾರೆ. ಎಲ್ಲಾ ಬಿಡಿಬಿಡಿ ಬೇಕ್ರಿ. ನಡುವ ಹಾಡು ಇರಬಾರ್ದು, ಮಂದಿ ಮಾತೂ ಇರಬಾರ್ದು."

ಹಾಡು ಇರಬಾರದಂತೆ! ಹಾಡಿಗಾಗಿ ಇಂಜಿನ್ನನ್ನು ಬೈದವಳು ಈಗ ಇಂಜಿನ್ನಿಗಾಗಿ ಹಾಡನ್ನು ಬೈಯುತ್ತ ಕುಳಿತೆ. ತೀನ್ ಕಂದೀಲ್ ವೃತ್ತದ ಹತ್ತಿರದ ಗಲ್ಲಿಯಲ್ಲಿ ಹಳೆಯ ಟೇಪ್‌ರೆಕಾರ್ಡರ್ ರಿಪೇರಿ ಮಾಡಿಸಿ, ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಕೇಳಿ, ಕರೆಂಟು ಹೋದ ಜಾಗಗಳನ್ನು ಹುಡುಕಿದೆ. ಇಂಜಿನ್ ಹೊರಡುವ ಸದ್ದು ಸಿಕ್ಕಿತು. ಮೊದಲು ಒಂದು ದೊಡ್ಡ ನಿಟ್ಟುಸಿರು, ಆಮೇಲೆ ನಿಧಾನವಾಗಿ ಕೆಮ್ಮುತ್ತ ಕೆಮ್ಮುತ್ತ ವೇಗ ಹಿಡಿಯುವುದು. ಅದನ್ನು ಕಳಿಸಿದೆ. ಅವನು "ಬಂಗಾರ ಮೇಡಂ, ಬಂಗಾರ!" ಎಂದ. ಸೀಟಿಯೂ ಸಿಕ್ಕಿತ್ತು, ಒಂದೇ ಒಂದು. ಶುರುವಿಗೆ ಗಂಟಲು ಕಟ್ಟಿದಂತಿದ್ದು ಆಮೇಲೆ ಬಿಚ್ಚಿಕೊಂಡು ಊರಿನ ಮೇಲೆಲ್ಲ ಹಾಸುವ ಸೀಟಿ. ಅದನ್ನು ಕಳಿಸಲಿಲ್ಲ. ಎಲ್ಲವನ್ನೂ ಒಮ್ಮೆಗೇ ಕೊಟ್ಟುಬಿಟ್ಟರೆ ಆಮೇಲೆ ನನ್ನನ್ನು ಕೇಳುವವರು ಯಾರು? "ಸೀಟಿ ಹುಡುಕಾಕತ್ತೀನಿ" ಎಂದು ಹೇಳಿ ಅವನನ್ನು ಕಾಯಿಸಿದೆ. ವಾರಕ್ಕೊಮ್ಮೆ ಅವನು ಕೇಳುವುದು, ನಾನು ಮುಂದೂಡುವುದು. ಆ ದಿನಗಳಲ್ಲಿ ನನ್ನಷ್ಟು ಸುಖಿ ಇನ್ನೊಬ್ಬರಿರಲಿಲ್ಲ.

ಸುಖ ಬಾಯಿಯನ್ನು ಸುಮ್ಮನಿರಗೊಡುವುದಿಲ್ಲ. ದೇವದುರ್ಗದಲ್ಲಿ ನೆಗೆಣ್ಣಿಯ ಅಣ್ಣ ಹೊಸ ಮನೆ ಕಟ್ಟಿಸಿ ಮನೆಶಾಂತಿ ಇಟ್ಟುಕೊಂಡಿದ್ದ. ಊಟವಾದ ಮೇಲೆ ಹೆಂಗಸರೆಲ್ಲ ಹೊಸ ಬಂಡೆ ನೆಲದ ತಂಪಿಗೆ ಕಾಲು ಚಾಚಿ ಕುಳಿತಿದ್ದೆವು. ನಾನು ಫೋನು ತೆಗೆದು ಇಂಜಿನ್ ಹೊರಡುವ ಸದ್ದನ್ನು ಎಲ್ಲರಿಗೂ ಕೇಳಿಸಿದೆ. ಯಾವ ಆಟ, ಯಾರು ಕಟ್ಟುತ್ತಿದ್ದಾರೆ, ನನ್ನ ಹೆಸರು ಎಲ್ಲಿ ಬರುತ್ತದೆ, ಎಲ್ಲ ಹೇಳಿದೆ. ಹೆಂಗಸರು ಬಾಯಿ ಬಿಟ್ಟುಕೊಂಡು ಕೇಳಿದರು. ನೆಗೆಣ್ಣಿ ತಾಂಬೂಲ ಹಂಚುತ್ತ ನಿಂತಿದ್ದವಳು ಬಗ್ಗಿ ಕಿವಿಗೊಟ್ಟಳು.

"ಅಕ್ಕಾರ, ಇದು ನಮ್ಮ ಮಿಲ್ಲಿನ ಬಾಯ್ಲರ್ ಉಗಿ ಬಿಟ್ಟಂಗ ಕೇಳ್ತದರೀ" ಎಂದಳು.

ಎಲ್ಲರೂ ನಕ್ಕರು. ನನ್ನ ಮೈದುನ ಮಾನ್ವಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಸೂಪರ್‌ವೈಸರ್. ಅವರ ಮನೆ ಮಿಲ್ಲಿನ ಗೋಡೆಗೇ ಹತ್ತಿಕೊಂಡಿದೆ. ಅಲ್ಲಿ ಭತ್ತಕ್ಕೆ ಉಗಿ ಕೊಡಲು ಹೊಟ್ಟು ಉರಿಸುವ ಹಳೆಯ ಬಾಯ್ಲರ್ ಇದೆ. "ಅಕ್ಕಿ ಬೇಯ್ಸೂದಕ್ಕೂ ರೈಲಿಗೂ ಏನ್ ಸಂಬಂಧ ಯವ್ವಾ?" ಎಂದೆ ನಾನು. ಅವಳೂ ನಕ್ಕಳು. "ನನಗೇನ್ ಗೊತ್ತರೀ, ರೈಲಿನ ಮುಖಾ ನೋಡಿದಾಕಿ ಅಲ್ಲ ನಾನು" ಎಂದಳು. ಆ ನಗು ನೋಡಿ ನಾನು ವಿಷಯ ಮುಗಿಯಿತೆಂದುಕೊಂಡೆ.

ಮುಗಿದಿರಲಿಲ್ಲ. ಸಿರವಾರದವನು ಒಂದು ದಿನ ತನ್ನ ಇಂಜಿನ್ ಎಲ್ಲಿಯವರೆಗೆ ಬಂದಿದೆ ನೋಡಿರೆಂದು ತುಣುಕೊಂದನ್ನು ಕಳಿಸಿದ. ನಿಂತ ಇಂಜಿನ್. ಕೆಳಗಿನಿಂದ ಉಗಿ ಹೊರಬಿತ್ತು. ಎಂಥ ಉಗಿ! ಹತ್ತಿರ ನಿಂತರೆ ಸೀರೆಯ ನೆರಿಗೆ ಒದ್ದೆಯಾಗುತ್ತದೇನೋ ಅನ್ನಿಸುವಂತಿತ್ತು. ನನ್ನ ಕ್ಯಾಸೆಟ್ಟಿನಲ್ಲಿ ಅಷ್ಟು ಸ್ವಚ್ಛವಾದ ಉಗಿ ಎಲ್ಲೂ ಇರಲಿಲ್ಲ. ಯಾರು ಕೊಟ್ಟರೆಂದು ಕೇಳಿದೆ.

"ನಿಮ್ಮ ಮನ್ಯಾಗಿನವರೇ ಅಲ್ರೀ ಮೇಡಂ! ಮಾನ್ವಿ ಅಕ್ಕಾರು. ನಿಮ್ಮ ಯಜಮಾನ್ರ ಕಡಿಂದ ನಂಬರ್ ತಗೊಂಡು ಫೋನ್ ಮಾಡಿದ್ರು. ಏನ್ ಚಂದ ರೆಕಾರ್ಡ್ ಮಾಡ್ಯಾರ್ರಿ."

"ಅದು ಇಂಜಿನ್ ಅಲ್ಲಪ್ಪಾ, ಅಕ್ಕಿ ಮಿಲ್ಲು!" ಎಂದು ಕೂಗಿದೆ.

"ಗೊತ್ತರೀ. ಅವರೇ ಮೊದಲ ಹೇಳಿದ್ರು. ಉಗಿ ಅಂದ್ರ ಉಗೀನ ಅಲ್ರೀ, ಭತ್ತಕ್ಕ ಬಿಟ್ಟರೇನು, ಗಾಲಿಗೆ ಬಿಟ್ಟರೇನು."

ಅವಳು ಮೋಸ ಮಾಡಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು! ಬಯಲು ಮಾಡಿ, ಛೀಮಾರಿ ಹಾಕಿಸಿ, ನೆಮ್ಮದಿಯಾಗಿ ಉಂಡು ಮಲಗಬಹುದಿತ್ತು. ಮುಂಚಿತವಾಗಿಯೇ ನಿಜ ಹೇಳಿ ನನ್ನ ಕೈ ಕಟ್ಟಿಹಾಕಿದ್ದಳು. ನಂಬರ್ ಕೊಟ್ಟ ನನ್ನ ಗಂಡನನ್ನು ಅಡುಗೆಮನೆಗೆ ಕರೆದು ವಿಚಾರಿಸಿದೆ. "ಕೇಳಿದಳು, ಕೊಟ್ಟೆ. ಅದರಾಗೇನದ?" ಎಂದು ಅವರು ಚಹಾ ಸೋಸಿಕೊಂಡು ಹೊರಗೆ ಹೋದರು. ಗಂಡಸರಿಗೆ ಇದೆಲ್ಲ ತಿಳಿಯುವುದಿಲ್ಲ.

ನನ್ನ ಹತ್ತಿರ ಇನ್ನೂ ಸೀಟಿ ಇತ್ತು. ಅದನ್ನೇ ಹಿಡಿದು ಹಟಕ್ಕೆ ಬಿದ್ದೆ. "ಮಿಲ್ಲಿನ ಸದ್ದು ತೆಗದ್ರ ಮಾತ್ರ ಸೀಟಿ ಕಳಸ್ತೀನಿ" ಎಂದು ಸಿರವಾರದವನಿಗೆ ಹೇಳಿದೆ. ಅವನು "ನೋಡೂಣ್ರಿ ಮೇಡಂ" ಎಂದ. ನಮ್ಮ ಕಡೆ ನೋಡೋಣ ಎಂದರೆ ಏನರ್ಥವೆಂದು ಎಲ್ಲರಿಗೂ ಗೊತ್ತು. ಆದರೂ ನಾನು ಅವನು ದಾರಿಗೆ ಬರುತ್ತಾನೆಂದೇ ಕಾದೆ. ಅವನು ಸೀಟಿಯ ವಿಷಯ ಕೇಳುವುದನ್ನೇ ಬಿಟ್ಟ.

ಆಮೇಲೆ ಆಟ ಪೂರ್ತಿ ಹೊರಬಂತು, ವಿಡಿಯೋ ಸಮೇತ. ಒಂದು ಭಾನುವಾರ ಬೆಳಿಗ್ಗೆ ನೋಡಿದೆ. ಇಂಜಿನ್ ರಾಯಚೂರಿನಲ್ಲಿ ನಿಂತಿದೆ, ನೆಗೆಣ್ಣಿಯ ಉಗಿ ಬಿಡುತ್ತಿದೆ. ಸಿಗ್ನಲ್ ಬಿತ್ತು. ಹೊರಡುವ ಮೊದಲು ಸೀಟಿ ಹೊಡೆಯಿತು. ನನ್ನದಲ್ಲ. ಪಕ್ಕದ ಕೋಣೆಯಲ್ಲಿ ಗಡ್ಡ ಬೋಳಿಸಿಕೊಳ್ಳುತ್ತಿದ್ದ ನನ್ನ ಗಂಡ ಅರ್ಧ ಮುಖದ ನೊರೆಯಲ್ಲೇ ಓಡಿಬಂದರು. "ಇದು ನಮ್ಮ ಮಿಲ್ಲಿಂದಽ ಅಲ್ಲೇನು? ಪಾಳಿ ಬಿಡುವಾಗ ಹೊಡೀತಾರಲ್ಲ, ಅದಽ!" ಅವರ ಮುಖದಲ್ಲಿದ್ದ ಖುಷಿ ನೋಡಿ ನನಗೆ ಆ ನೊರೆಯ ಬಟ್ಟಲನ್ನು ಎತ್ತಿ ಒಗೆಯಬೇಕೆನ್ನಿಸಿತು.

ಅದಕ್ಕಿಂತ ಕೆಳಗೆ ಬರೆದವರ ಮಾತುಗಳು ಹೆಚ್ಚು ಉರಿಸಿದವು. ರಾಯಚೂರಿನ ಸ್ಟೇಷನ್ನಿನಲ್ಲಿ ಅಜ್ಜನ ಕೈ ಹಿಡಿದು ನಿಂತಾಗ ಕೇಳಿದ್ದು ಇದೇ ಸೀಟಿ ಎಂದು ಒಬ್ಬ ಬರೆದಿದ್ದ. ಕಣ್ಣಲ್ಲಿ ನೀರು ಬಂತೆಂದು ಇನ್ನೊಬ್ಬಾಕೆ. ಅಪ್ಪಟ ನಮ್ಮೂರಿನ ಸದ್ದು ಎಂದು ಮತ್ತೊಬ್ಬ. ನಿಮ್ಮ ಅಜ್ಜ ಮಾನ್ವಿಗೆ ಭತ್ತ ಮಾರಲು ಹೋಗಿದ್ದನೇನೋ ಎಂದು ಬರೆಯಲು ಬೆರಳು ತುರಿಸಿತು. ಕೊನೆಯಲ್ಲಿ ಹೆಸರುಗಳು ಬಂದವು. ಮೊದಲು ನನ್ನದು, ಅದರ ಕೆಳಗೆ ಅವಳದು. ಆದರೆ ಜನ ಕೊಂಡಾಡುತ್ತಿದ್ದುದು ಸೀಟಿಯನ್ನು ಮತ್ತು ಉಗಿಯನ್ನು. ನಾನು ಕೊಟ್ಟ ಇಂಜಿನ್ನಿನ ಕೆಮ್ಮಿನ ಬಗ್ಗೆ ಒಬ್ಬರೂ ಚಕಾರ ಎತ್ತಿರಲಿಲ್ಲ.

ಮರುವಾರ ಶಾಲೆಗೆ ರಜೆ ಹಾಕಿ ಮಾನ್ವಿಯ ಮೇಲೆ ಹೋಗುವ ಸಿಂಧನೂರಿನ ಬಸ್ಸು ಹತ್ತಿದೆ. ನೇರವಾಗಿ ಹೇಳಿಬಿಡಬೇಕೆಂದು ತೀರ್ಮಾನಿಸಿದ್ದೆ: ನಿನ್ನ ಸೀಟಿ ಹಿಂದಕ್ಕೆ ತಗೋ, ಅದು ಸುಳ್ಳು ಸೀಟಿ, ರಾಯಚೂರಿನ ಇಂಜಿನ್ನಿಗೆ ರಾಯಚೂರಿನ ಸೀಟಿಯೇ ಇರಬೇಕು. ಅವಳು ಒಂದು ಮಾತು ಹೇಳಿದರೆ ಸಿರವಾರದವನು ತೆಗೆಯುತ್ತಾನೆ, ಆಗ ನನ್ನದು ಹೋಗುತ್ತದೆ. ಕಾಲುವೆ ನೀರಿನ ಗದ್ದೆಗಳು ದಾರಿಯುದ್ದಕ್ಕೂ ಹಸಿರು ಹಾಸಿಕೊಂಡಿದ್ದವು. ನಾನು ಒಂದನ್ನೂ ನೋಡಲಿಲ್ಲ. ತುಟಿ ಅಲ್ಲಾಡಿಸುತ್ತ ಮಾತು ಜೋಡಿಸಿಕೊಳ್ಳುತ್ತಿದ್ದೆ. ಪಕ್ಕದ ಹೆಂಗಸು ನಾನು ಜಪ ಮಾಡುತ್ತಿದ್ದೇನೆಂದು ತಿಳಿದು ಕಾಲು ಒತ್ತರಿಸಿ ಜಾಗ ಬಿಟ್ಟಳು.

ನೆಗೆಣ್ಣಿ ಬಾಗಿಲಲ್ಲೇ ಕೈ ಹಿಡಿದುಕೊಂಡಳು. "ಫೋನರೆ ಮಾಡಬಾರ್ದೇನ್ರೀ ಅಕ್ಕಾ, ಮಾವಿನಕಾಯಿ ತರಸ್ತಿದ್ದೆ" ಎಂದು ಒಳಗೆ ಕರೆದಳು. ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣೆ ಮಾಡಿದಳು, ಬಿಸಿಬಿಸಿ ಮಿರ್ಚಿ ಕರಿದಳು. ಹಿತ್ತಲ ಕಟ್ಟೆಯ ಮೇಲೆ ಕುಳಿತು ತಿಂದೆ. ಹಾಳಾದವಳು ಮಿರ್ಚಿಯನ್ನೂ ನನಗಿಂತ ಚೆನ್ನಾಗಿ ಮಾಡುತ್ತಾಳೆ. ಎದುರಿಗೆ ಎತ್ತರದ ಮಿಲ್ಲಿನ ಗೋಡೆ, ಗೋಡೆಯಿಂದ ಬೇವಿನ ಮರದವರೆಗೆ ಕಟ್ಟಿದ ಹಗ್ಗ, ಹಗ್ಗದ ಮೇಲೆ ಆಗಷ್ಟೇ ಒಗೆದುಹಾಕಿದ ಸೀರೆ, ಅಂಗಿ, ಚಾದರ. ಚಹಾ ಕುಡಿದು ಮುಗಿಸಿ ಮಾತು ತೆಗೆಯೋಣವೆಂದು ಲೋಟ ಕೆಳಗಿಟ್ಟೆ.

ಆಗ ಸೀಟಿ ಆಯಿತು.

ಫೋನಿನಲ್ಲಿ ಕೇಳಿದ್ದಕ್ಕೂ ಇದಕ್ಕೂ ಅಜಗಜಾಂತರ. ಗೋಡೆಯ ಆಚೆಯಿಂದ ಎದ್ದು ನೇರ ಎದೆಗೆ ಬಂತು. ನನಗೆ ನೆನಪಿರುವುದು ಅಷ್ಟೇ. ಮತ್ತೆ ಮೈಮೇಲೆ ಎಚ್ಚರ ಬಂದಾಗ ನಾನು ಹಗ್ಗದ ಹತ್ತಿರ ನಿಂತಿದ್ದೆ. ತೋಳಿನ ತುಂಬ ಒದ್ದೆ ಬಟ್ಟೆ. ಇನ್ನೊಂದು ಕೈಯಿಂದ ಚಾದರ ಎಳೆಯುತ್ತಿದ್ದೆ. ನನ್ನ ರೇಷ್ಮೆ ಸೀರೆಯ ಮುಂಭಾಗವೆಲ್ಲ ನೀರು ಇಳಿಯುತ್ತಿತ್ತು.

"ಅಕ್ಕಾರ! ಯಾಕ ತಗದ್ರಿ? ಇನ್ನಾ ಹಸಿ ಅದಾವಲ್ರಿ!" ನೆಗೆಣ್ಣಿ ಕಣ್ಣರಳಿಸಿ ನಿಂತಿದ್ದಳು.

ನಮ್ಮ ಸಾಲುಮನೆಗಳಲ್ಲಿ ಇಂಜಿನ್ನಿನ ಸೀಟಿ ಕಿವಿಗೆ ಬಿದ್ದರೆ ಸಾಕು, ಹೆಂಗಸರೆಲ್ಲ ಒಲೆಯ ಮುಂದಿನಿಂದ ಎದ್ದು ಹೊರಗೆ ಓಡುತ್ತಿದ್ದರು. ಒಣಹಾಕಿದ ಬಟ್ಟೆ ಒಳಗೆ ತರಬೇಕಿತ್ತು. ಇಂಜಿನ್ ದಾಟಿದ ಮೇಲೆ ಗಾಳಿಯಲ್ಲಿ ಮಸಿಯ ಕಣಗಳು ಉದುರುತ್ತಿದ್ದವು. ಅವ್ವನ ಬಿಳಿ ರವಿಕೆಯ ಮೇಲೆ ಬಿದ್ದರೆ ಒಗೆದರೂ ಹೋಗುತ್ತಿರಲಿಲ್ಲ. ಶಾಲೆಗೆ ಹೋಗುವ ಮೊದಲೇ ನಾನು ಕಲಿತ ಕೆಲಸ ಅದು. ಉಗಿ ಇಂಜಿನ್ ಹೋಗಿ ಡೀಸೆಲ್ ಬಂದ ಮೇಲೆ ನಿಂತುಹೋಯಿತು, ನಾನೂ ಮರೆತಿದ್ದೆ. ನನ್ನ ಕಾಲು ಮರೆತಿರಲಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಕ್ಯಾಸೆಟ್ಟಿನಲ್ಲಿರುವ ನನ್ನ ಸೀಟಿಯನ್ನು, ಅಪ್ಪಟ ರಾಯಚೂರಿನ ಇಂಜಿನ್ನಿನದನ್ನು, ಆ ವರ್ಷದಲ್ಲಿ ಎಷ್ಟು ಸಲ ಕೇಳಿದ್ದೇನೋ ನನಗೇ ಗೊತ್ತಿಲ್ಲ. ಹಗ್ಗದ ತುಂಬ ಬಟ್ಟೆ ಇದ್ದ ದಿನಗಳಲ್ಲೂ ಕೇಳಿದ್ದೇನೆ. ಒಮ್ಮೆಯೂ ಕುಳಿತಲ್ಲಿಂದ ಎದ್ದಿರಲಿಲ್ಲ. ಸುಳ್ಳು ಸೀಟಿ ಎಂದು ಜಗಳಕ್ಕೆ ಬಂದವಳು ಆ ಸುಳ್ಳು ಸೀಟಿಗೆ ಓಡಿಹೋಗಿ ಬಟ್ಟೆ ತೆಗೆದಿದ್ದೆ.

ಮುಚ್ಚಿಡಲು ಆಗಲಿಲ್ಲ. ತೋಳಿನ ತುಂಬ ಸಾಕ್ಷಿ ಇತ್ತು. ಬಟ್ಟೆಯನ್ನು ಅವಳ ಕೈಗೆ ಕೊಡುತ್ತ ಹೇಳಿದೆ, ಸಾಲುಮನೆಯದು, ಮಸಿಯದು, ಅವ್ವನದು. ಬಂದ ಕಾರಣವನ್ನೂ ಹೇಳಿದೆ. ಅವಳು ಒಂದೊಂದೇ ಬಟ್ಟೆಯನ್ನು ಮತ್ತೆ ಹಗ್ಗಕ್ಕೆ ಹಾಕುತ್ತ ಕೇಳಿದಳು. ನಗಲಿಲ್ಲ. ನಕ್ಕಿದ್ದರೆ ನಾನು ಜಗಳ ತೆಗೆಯಬಹುದಿತ್ತು.

"ನಿಮ್ಮ ಸೀಟಿ ಒಮ್ಮೆ ಕೇಳಸ್ರಿ ಅಕ್ಕಾ" ಎಂದಳು.

ಫೋನು ತೆಗೆದು ಕೇಳಿಸಿದೆ. ಅವಳು ಕೈಯಲ್ಲಿದ್ದ ಚಾದರವನ್ನು ಹಾಗೇ ಹಿಡಿದುಕೊಂಡು, ತಲೆ ಓರೆ ಮಾಡಿ ಕೊನೆಯವರೆಗೂ ಕೇಳಿದಳು. ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದಳು.

"ಇದೇ ಇರಬೇಕರೀ ಅದಕ್ಕ. ನಿಮ್ಮಪ್ಪಾರು ನೀರು ತುಂಬಿಸಿದ ಇಂಜಿನ್ ಇದು. ಇವತ್ತಽ ಆ ಮಾಸ್ತರಿಗೆ ಫೋನ್ ಮಾಡಿ ನಂದು ತೆಗಸ್ತೀನಿ" ಎಂದಳು. ಬೇಜಾರಿಲ್ಲ, ಬಿಗುಮಾನವಿಲ್ಲ. ತಟ್ಟೆಗೆ ಇನ್ನೊಂದು ಮಿರ್ಚಿ ಹಾಕುವಾಗ ಯಾವ ದನಿ ಇತ್ತೋ ಅದೇ ದನಿ.

ಬಂದ ಕೆಲಸ ಆಗಿಹೋಯಿತು. ನಾನು ಎದ್ದು ಕುಣಿಯಬೇಕಿತ್ತು. ಬದಲಿಗೆ ಹೊಟ್ಟೆಕಿಚ್ಚು ಮೊದಲಿಗಿಂತ ಜೋರಾಗಿ ಹತ್ತಿಕೊಂಡಿತು. ನಾನು ತಿಂಗಳುಗಟ್ಟಲೆ ಮುಷ್ಟಿಯಲ್ಲಿ ಬಿಗಿದಿಟ್ಟುಕೊಂಡದ್ದನ್ನು ಇವಳು ಬಟ್ಟೆ ಒಣಹಾಕುತ್ತ ಬಿಟ್ಟುಕೊಡುತ್ತಿದ್ದಾಳೆ. ನಾಳೆ ಮನೆಯವರೆಲ್ಲ ಏನನ್ನುತ್ತಾರೆ? ಸಣ್ಣಾಕಿ ಎಂಥ ದೊಡ್ಡ ಮನಸ್ಸಿನವಳು, ಅಕ್ಕನಿಗಾಗಿ ತನ್ನದನ್ನು ತೆಗೆಸಿದಳು ಎನ್ನುತ್ತಾರೆ. ರೊಟ್ಟಿಯಲ್ಲಿ ಗೆದ್ದಳು, ಗಂಜಿಯಲ್ಲಿ ಗೆದ್ದಳು, ಈಗ ಬಿಟ್ಟುಕೊಡುವುದರಲ್ಲೂ ಗೆಲ್ಲುತ್ತಾಳೆ. ಅದೊಂದನ್ನು ಮಾತ್ರ ನಾನು ಅವಳಿಗೆ ಬಿಟ್ಟುಕೊಡಲಾರೆ.

"ಬ್ಯಾಡ ಬ್ಯಾಡ" ಎಂದೆ. "ನಿಂದಽ ಇರಲಿ. ಮಂದಿ ಇಷ್ಟಾ ಪಟ್ಟಾರ. ನಂದೇನು, ಮನ್ಯಾಗ ಇರ್ತದ."

ಅವಳು ನನ್ನ ಮುಖವನ್ನೇ ನೋಡಿದಳು. ಒದ್ದೆ ಕೈಗಳಿಂದ ನನ್ನ ಕೈ ಹಿಡಿದುಕೊಂಡಳು. "ನಿಮ್ಮಷ್ಟು ದೊಡ್ಡ ಮನಸು ನಂಗ ಯಾವಾಗ ಬರ್ತದರೀ ಅಕ್ಕಾ" ಎಂದಳು. ಅವಳ ಕಣ್ಣು ತುಂಬಿತ್ತು. ಆ ಮಾತಿನಲ್ಲಿ ಕೊಂಕು ಇದೆಯೇನೋ ಎಂದು ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ.

ಮನೆಯಲ್ಲಿ ಈಗ ಎಲ್ಲರೂ ನನ್ನನ್ನೇ ಹೊಗಳುತ್ತಾರೆ. ಅವಳೇ ಹೇಳಿಕೊಂಡು ಬಂದಿದ್ದಾಳೆ. ಆ ಆಟದಲ್ಲಿ ರಾಯಚೂರಿನಿಂದ ಹೊರಡುವ ಇಂಜಿನ್ ಮಾತ್ರ ಮಾನ್ವಿಯ ಅಕ್ಕಿ ಮಿಲ್ಲಿನ ಸೀಟಿ ಹೊಡೆದುಕೊಂಡೇ ಹೊರಡುತ್ತದೆ. ಸಿರವಾರದವನು ಮೊನ್ನೆ ಮತ್ತೆ ಕೇಳಿದ, ನಿಮ್ಮ ಸೀಟಿ ಸಿಕ್ಕಿತೇನ್ರೀ ಮೇಡಂ ಎಂದು. ಸಿಗಲಿಲ್ಲಪ್ಪಾ ಎಂದೆ.